ಬನ್ನು ಊಟವಲ್ಲ

ನಮ್ಮಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ಆಂಧ್ರದ ಕಲ್ಯಾಣದುರ್ಗದ ನಮ್ಮ ಬೀದಿಯವರಿಗೆಲ್ಲ ಗೊತ್ತಿರುವ ವಿಷಯ. ಅವಳು ನನಗಿಂತ ಎರಡೇ ವರ್ಷ ದೊಡ್ಡವಳು. ಆದರೆ ಒಂದು ಸಲ ನಾವಿಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಹೂವು ಕೊಳ್ಳುತ್ತಿದ್ದಾಗ ಹೂವಿನವಳು ನನ್ನ ಕಡೆ ಗದ್ದ ತೋರಿಸಿ ಅಕ್ಕನನ್ನು "ನೀ ಕೂತುರಾಮ್ಮಾ?" ಎಂದು ಕೇಳಿದಳು. ನಿನ್ನ ಮಗಳಾ ಎಂದು! ಆಗ ಅಕ್ಕನಿಗೆ ಇಪ್ಪತ್ತಾರು, ನನಗೆ ಇಪ್ಪತ್ತನಾಲ್ಕು. ಅಕ್ಕ ನಕ್ಕಳು ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದರೂ ನಿಲ್ಲದಷ್ಟು. ನಾನು ಆ ಹೂವು ಮುಡಿಯಲಿಲ್ಲ.

ಅವಳು ಅಪ್ಪನ ಹಾಗೆ ಎತ್ತರ. ಅಟ್ಟದ ಮೇಲಿನ ಡಬ್ಬಿಯನ್ನು ಸ್ಟೂಲಿಲ್ಲದೆ ಇಳಿಸುತ್ತಾಳೆ. ಎರಡು ಬಿಂದಿಗೆ ನೀರು ಎತ್ತಿಕೊಂಡು ಮಾತಾಡುತ್ತಾ ನಡೆಯುತ್ತಾಳೆ. ಜಡೆ ಸೊಂಟ ದಾಟಿ ಇಳಿದಿತ್ತು. ನಾನೋ, ಆರನೇ ಕ್ಲಾಸಿನಲ್ಲಿ ಎಲ್ಲಿ ನಿಂತೆನೋ ಹೆಚ್ಚುಕಡಿಮೆ ಅಲ್ಲೇ ನಿಂತೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮಡಕೆ. ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ಮನೆ. ಹಾಗಿದ್ದ ಮೇಲೆ ಅವಳಿಗೆ ಕೊಟ್ಟಿದ್ದನ್ನು ನನಗೆ ಯಾಕೆ ಕೊಡಲಿಲ್ಲ ಎಂದು ದೇವರ ಜೊತೆ ನಾನು ಜಗಳವಾಡಿದಷ್ಟು ಬೇರೆ ಯಾರ ಜೊತೆಯೂ ಆಡಿಲ್ಲ.

ನನ್ನ ಕಾಯಿಲೆ ಶುರುವಾದಾಗ ನನಗೆ ಐದೋ ಆರೋ ವರ್ಷ. ಒಂದು ಜ್ವರ ಬಂತು, ಜೊತೆಗೆ ಭೇದಿ. ಜ್ವರ ಹೋಯಿತು, ಭೇದಿ ಉಳಿಯಿತು. ಡಾಕ್ಟರು, "ಲೈಟಾಗಿ ಏನಾದ್ರೂ ಕೊಡಿ" ಎಂದರು. ನಮ್ಮ ಮನೆಯಲ್ಲಿ ಲೈಟು ಅಂದರೆ ಏನು? ಮುದ್ದೆ ಅಲ್ಲದ್ದು. ಮುದ್ದೆ ಗಟ್ಟಿ ಆಳಿನ ಊಟ, ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುವ ಜಾತಿಯದು. ಕಾಯಿಲೆಯ ಮಗುವಿಗೆ ಅದನ್ನು ಕೊಟ್ಟರೆ ಜನ ಉಗಿಯುತ್ತಾರೆ. ನಮ್ಮಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರು, ಹಿಂದೂಪುರದ ರೂಟು. ಅವತ್ತು ಡ್ಯೂಟಿ ಮುಗಿಸಿ ಬರುವಾಗ ಹಿಂದೂಪುರದ ಬೇಕರಿಯಿಂದ ನನಗೆ ಬನ್ನು ತಂದ. ಮೆತ್ತಗೆ, ಬೆಚ್ಚಗೆ, ಮೇಲೆ ಹೊಳೆಯುವ ಕಂದು ಬಣ್ಣ. ಹಾಲಲ್ಲಿ ಅದ್ದಿ ಅಮ್ಮ ತಿನ್ನಿಸಿದಳು. ಅಲ್ಲಿಂದ ಆಚೆಗೆ ಅಪ್ಪ ಬರಿಗೈಲಿ ಮನೆಗೆ ಬಂದಿದ್ದು ನನಗೆ ನೆನಪಿಲ್ಲ.

ಬೆಳಿಗ್ಗೆ ರಸ್ಕು, ಮಧ್ಯಾಹ್ನ ರವೆ ಗಂಜಿ, ರಾತ್ರಿ ಹಾಲುಬನ್ನು. ಪಕ್ಕದಲ್ಲೇ ಅಪ್ಪ, ಅಮ್ಮ, ಅಕ್ಕ ಮುದ್ದೆ ಮುರಿದು ಹುರುಳಿಕಾಳಿನ ಸಾರಿಗೆ ಅದ್ದಿ ಗುಳುಂ ಅಂತ ನುಂಗುವರು. ಆ ಸದ್ದಿಗೇ ನನಗೆ ಬಾಯಲ್ಲಿ ನೀರು.

"ನಂಗೂ ಒಂದು ತುತ್ತು ಮುದ್ದೆ ಕೊಡಮ್ಮ."

"ನಿಂಗೆ ಅರಗಲ್ಲ ಕಣಮ್ಮ. ಬನ್ನು ತಿನ್ನು, ನನ್ನ ಬಂಗಾರಿ."

ಅಕ್ಕನ ಕಣ್ಣು ಮಾತ್ರ ನನ್ನ ಬನ್ನಿನ ಮೇಲೆ. "ಅವ್ಳಿಗೆ ಬನ್ನು, ನಮಗೆ ಮುದ್ದೆ. ನಾನೇನು ದನ ಕಾಯಾಕೆ ಬಂದೋಳಾ?" ಎಂದು ತಟ್ಟೆ ನೂಕುತ್ತಿದ್ದಳು. ತನಗೂ ಕಾಯಿಲೆ ಬರಲಿ ಅಂತ ಆಂಜನೇಯಸ್ವಾಮಿ ಗುಡಿಯಲ್ಲಿ ಕೈಮುಗಿದು ನಿಂತಿದ್ದಳಂತೆ. ಪೂಜಾರಪ್ಪ ಕೇಳಿಸಿಕೊಂಡು ಅಪ್ಪನಿಗೆ ಹೇಳಿ, ಅಪ್ಪ ಅವಳಿಗೆ ಎರಡು ಬಾರಿಸಿದ. ಆ ಏಟು ಕಂಡೂ ನನಗೆ ಹೊಟ್ಟೆ ಉರಿಯಿತು. ನನ್ನನ್ನು ಯಾರೂ ಹೊಡೆಯುತ್ತಿರಲಿಲ್ಲ, ಹೊಡೆದರೆ ಸತ್ತೇಹೋಗುತ್ತಾಳೆ ಅನ್ನುವ ಹಾಗೆ ನೋಡುತ್ತಿದ್ದರು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ನಾವಿಬ್ಬರೂ ಒಬ್ಬರ ತಟ್ಟೆಯ ಮೇಲೆ ಒಬ್ಬರು ಕಣ್ಣಿಟ್ಟುಕೊಂಡೇ ದೊಡ್ಡವರಾದೆವು. ಅವಳು ನಿಜವಾಗಿಯೂ ದೊಡ್ಡವಳಾದಳು.

ಡಾಕ್ಟರುಗಳನ್ನು ಎಷ್ಟು ಮಂದಿ ನೋಡಿದೆವೋ! ಒಬ್ಬರು ಜಂತುಹುಳ ಅಂದರು. ಒಬ್ಬರು ಗ್ಯಾಸು ಅಂದರು. ಒಬ್ಬರು ನನ್ನ ಕಣ್ಣರೆಪ್ಪೆ ಕೆಳಗೆಳೆದು ನೋಡಿ, ರಕ್ತವೇ ಇಲ್ಲ ಅಂತ ಟಾನಿಕ್ಕು ಬರೆದರು. ಟಾನಿಕ್ಕು ಮುಗಿದ ಮೇಲೂ ರಕ್ತ ಬರಲಿಲ್ಲ. ಕೊನೆಗೆ ಒಬ್ಬರು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ, ಮದುವೆ ಮಾಡಿ ಸರಿಹೋಗುತ್ತೆ ಅಂದರು. ಎಲ್ಲರೂ ಒಂದು ಪ್ರಶ್ನೆಯನ್ನಂತೂ ಕೇಳುತ್ತಿದ್ದರು: ಏನು ಊಟ ಮಾಡುತ್ತಾಳೆ?

ಅಮ್ಮನ ಉತ್ತರ ಯಾವಾಗಲೂ ಒಂದೇ. "ಊಟಾನೇ ಮಾಡಲ್ಲ ಸಾರ್. ಒಂದು ಬನ್ನೋ ರಸ್ಕೋ ಬಾಯಿಗೆ ಹಾಕ್ಕಂಡ್ರೆ ಅದೇ ಹೆಚ್ಚು."

ನಮ್ಮ ಕಡೆ ಊಟ ಅಂದರೆ ಮುದ್ದೆ, ಇಲ್ಲವೇ ಅನ್ನ. ಉಳಿದಿದ್ದು ಯಾವುದೂ ಲೆಕ್ಕಕ್ಕಿಲ್ಲ. ಮದುವೆಮನೆಯಲ್ಲಿ ಬೆಳಿಗ್ಗೆ ನಾಲ್ಕು ಪೂರಿ ಹೊಡೆದು, ಮೇಲೆ ಕೇಸರಿಬಾತು ತಿಂದವರೂ ಹನ್ನೊಂದು ಗಂಟೆಗೆ "ಇನ್ನೂ ಊಟ ಆಗಿಲ್ಲ" ಅನ್ನುತ್ತಾರೆ, ಸುಳ್ಳು ಅಂತ ಯಾರಿಗೂ ಅನ್ನಿಸುವುದಿಲ್ಲ. ಡಾಕ್ಟರುಗಳೂ ನಮ್ಮ ಕಡೆಯವರೇ. ಊಟ ಮಾಡಲ್ಲ ಅಂದ ಕೂಡಲೇ ಹಸಿವಿನ ಮಾತ್ರೆ ಬರೆಯುವರು. ಹಸಿವು ಹೆಚ್ಚಾಗುತ್ತಿತ್ತು, ನಾನು ಇನ್ನೊಂದು ಬನ್ನು ತಿನ್ನುತ್ತಿದ್ದೆ.

ಡಿಗ್ರಿ ಓದುವಾಗ ಹೊಟ್ಟೆ ಇನ್ನೂ ಊದಿತು. ಹೊಟ್ಟೆಯ ಟಿ.ಬಿ. ಅಂದರು. ತಿಂಗಳುಗಟ್ಟಲೆ ಮಾತ್ರೆ ನುಂಗಿದೆ, ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗಿತು, ಇದ್ದ ನಾಲ್ಕು ಕೂದಲೂ ಉದುರಿತು. ಟಿ.ಬಿ. ಅನ್ನುವ ಮಾತು ಹೊರಗೆ ಬಿದ್ದ ಮೇಲೆ ಗಂಡಿನ ಕಡೆಯವರು ಯಾರೂ ನಮ್ಮ ಮೆಟ್ಟಿಲು ಹತ್ತಲಿಲ್ಲ. ಅದೇ ವರ್ಷ ಅಕ್ಕನ ಮದುವೆ. ಭಾವನದು ಹಿಂದೂಪುರದಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಧಾರೆ ಸೀರೆಯಲ್ಲಿ ಅಕ್ಕ ನಿಂತಿದ್ದರೆ ಕಣ್ಣು ಕೀಳಲಾಗದು. ನಾನು ಹಿಂದಿನ ಸಾಲಿನಲ್ಲಿ ಹೊಟ್ಟೆ ಹಿಡಿದುಕೊಂಡು, ಇವಳ ಒಡವೆ ಬೇಡ, ಗಂಡ ಬೇಡ, ಆ ಕೈಕಾಲು ಸಾಕು, ಅದನ್ನು ಕೊಡಪ್ಪ ಅಂತ ಕೇಳಿಕೊಳ್ಳುತ್ತಾ ಕೂತಿದ್ದೆ.

ಆಮೇಲೆ ನನಗೆ ಸೆಟ್ಟೂರಿನ ಕಡೆ ಒಂದು ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನಾ ಬಸ್ಸು. ನನ್ನಂಥ ಹೊಟ್ಟೆಯಿರುವವರಿಗೆ ಬಸ್ಸೆಂದರೆ ಏನೆಂದು ಉಳಿದವರಿಗೆ ಹೇಳಿ ತಿಳಿಸುವುದು ಕಷ್ಟ. ಎಲ್ಲಿ ಬೇಲಿ ಇದೆ, ಎಲ್ಲಿ ಮರೆಯಿದೆ, ಡ್ರೈವರ್ ಒಳ್ಳೆಯವನಾ, ನಿಲ್ಲಿಸು ಅಂದರೆ ನಿಲ್ಲಿಸುತ್ತಾನಾ, ಇದೇ ಯೋಚನೆ. ಬೆಳಿಗ್ಗೆ ಏನೂ ತಿನ್ನದೆ ಹೊರಟು, ಶಾಲೆಗೆ ಬಂದು ಬ್ಯಾಗಿನಿಂದ ಎರಡು ರಸ್ಕು ತೆಗೆದು ತಿನ್ನುತ್ತಿದ್ದೆ. ನನ್ನ ಪಕ್ಕದ ಸೀಟಿನಲ್ಲಿ ಕಡಲೆಕಾಯಿ ಸುಲಿದು ತಿನ್ನುತ್ತಾ ನಿದ್ದೆ ಹೋಗುವ ಹೆಂಗಸರನ್ನು ಕಂಡರೂ ಹೊಟ್ಟೆಕಿಚ್ಚು. ಥೂ, ಯಾರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿರಲಿಲ್ಲ!

ಆಗ ಲಾಕ್‌ಡೌನು ಬಂತು. ಶಾಲೆ ಮುಚ್ಚಿತು, ಬಸ್ಸು ನಿಂತಿತು, ಬೇಕರಿ ಬಾಗಿಲು ಹಾಕಿತು. ಅಪ್ಪ ಆ ಹೊತ್ತಿಗೆ ರಿಟೈರಾಗಿದ್ದ. ಕುಂದುರ್ಪಿಯ ಕಡೆಯಿಂದ ನಮ್ಮ ಸೋದರಮಾವ ರಾಗಿ, ಅಕ್ಕಿ ತಂದು ಹಾಕಿ ಹೋದ. ಮನೆಯಲ್ಲಿ ಬೇರೇನೂ ಇಲ್ಲ, "ಏನಾದ್ರೂ ಆಗ್ಲಿ, ತಿನ್ನು" ಅಂತ ಅಮ್ಮ ಹೆದರಿ ಹೆದರಿಯೇ ನನಗೂ ಮುದ್ದೆ ಹಾಕಿದಳು. ಏನೂ ಆಗಲಿಲ್ಲ. ಅಷ್ಟೇ ಅಲ್ಲ, ಸ್ವಲ್ಪ ದಿನಕ್ಕೆ ಹೊಟ್ಟೆ ಇಳಿಯಿತು, ಭೇದಿ ನಿಂತಿತು, ಬಾಯಿಯ ಹುಣ್ಣು ವಾಸಿಯಾಯಿತು. ಊರಿಗೂರೇ ಕಾಯಿಲೆಗೆ ನಡುಗುತ್ತಿದ್ದರೆ ನಾನೊಬ್ಬಳು ಗುಂಡುಕಲ್ಲಿನ ಹಾಗಿದ್ದೆ. ಇದೆಲ್ಲ ಮನೆಯಲ್ಲಿ ರೆಸ್ಟು ಸಿಕ್ಕಿದ್ದಕ್ಕೆ ಎಂದು ಎಲ್ಲರೂ ತೀರ್ಮಾನಿಸಿದರು. ಬೇಕರಿ ತೆರೆದ ದಿನ ಅಪ್ಪ ಮುಖಕ್ಕೆ ಟವೆಲ್ಲು ಕಟ್ಟಿಕೊಂಡು ಹೋಗಿ ಕ್ಯೂ ನಿಂತು ನನಗೆ ಬನ್ನು ತಂದ. "ಪಾಪ, ಎಷ್ಟು ದಿನ ಆಗೋಯ್ತು ನನ್ನ ಮಗ್ಳು ಬನ್ನು ತಿಂದು," ಎಂದ. ವಾರದಲ್ಲಿ ನಾನು ಮತ್ತೆ ಮೊದಲಿನ ಹಾಗೆ ಮಲಗಿದೆ.

ಮುಂದಿನ ವರ್ಷ ಅಮ್ಮನ ಜೊತೆ ಹಿಂದೂಪುರದ ಅಕ್ಕನ ಮನೆಗೆ ಹೋಗಿದ್ದಾಗ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಅಕ್ಕ ನನ್ನನ್ನು ಅನಾಮತ್ತಾಗಿ ಎತ್ತಿ ಆಟೋಗೆ ಹಾಕಿದಳು. ಅವಳ ತೋಳಿನಲ್ಲಿ ಮಗುವಿನ ಹಾಗೆ ಹೋಗುವಾಗಲೂ ಈ ಬಲ ನೋಡು ಇವಳದ್ದು ಅಂತ ಉರಿದುಕೊಂಡೇ ಹೋದೆ. ಊರಿಗೆ ಹೊಸದಾಗಿ ಬಂದಿದ್ದ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅಮ್ಮ ಎಲ್ಲಿಗೆ ಹೋದರೂ ಬಿಡದ ಹಳೆಯ ರಿಪೋರ್ಟುಗಳ ಚೀಲ ಬಿಚ್ಚಲು ಹೋದಳು. ಡಾಕ್ಟರು ಬೇಡವೆಂದು ಕೈಯಾಡಿಸಿ ನನ್ನನ್ನೇ ಕೇಳಿದರು: "ಎಪ್ಪುಡೈನಾ ಬಾಗುನ್ನಾರಾ?"

ಯಾವತ್ತಾದರೂ ಚೆನ್ನಾಗಿದ್ದಿರಾ ಎಂದು. ಎಂದಿನಿಂದ ಕಾಯಿಲೆ ಅಂತ ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಲಾಕ್‌ಡೌನಿನಲ್ಲಿ ಚೆನ್ನಾಗಿದ್ದೆ ಅಂದೆ. ಆಗ ತಿನ್ನುವುದರಲ್ಲಿ ಏನು ವ್ಯತ್ಯಾಸ ಆಗಿತ್ತು, ಗೋಧಿ ತಿನ್ನುತ್ತೀರಾ ಎಂದು ವಿಚಾರಿಸಿದರು. ತೆಲುಗು, ಕನ್ನಡ ಎರಡೂ ಕಲಸಿ ಮಾತು ಸಾಗಿತ್ತು.

"ಇಲ್ಲ ಮೇಡಂ," ಎಂದಳು ಅಮ್ಮ ಗಟ್ಟಿಯಾಗಿ. "ನಾವು ಚಪಾತಿ ಜನ ಅಲ್ಲ. ನಮ್ಮನೇಗೆ ಗೋಧೀನೇ ತರಲ್ಲ."

ಡಾಕ್ಟರು ಏನೋ ಹೊಳೆದಿದ್ದು ಕೈಬಿಟ್ಟು ಹೋದವರ ಹಾಗೆ ಪೆನ್ನು ಎತ್ತಿಕೊಂಡರು. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಅಕ್ಕ ತಡೆಯಲಾರದೆ ಬಾಯಿ ಹಾಕಿದಳು.

"ಅಯ್ಯೋ, ಬನ್ನು ತಿಂತಾಳಲ್ಲ ಮೇಡಂ! ಬನ್ನಿನ ಮ್ಯಾಲೇ ಬೆಳ್ದಿರೋಳು ಇವ್ಳು. ಬೆಳಿಗ್ಗೆ ರಸ್ಕು, ಮಧ್ಯಾನ ರವೆ ಗಂಜಿ, ರಾತ್ರಿ ಹಾಲುಬನ್ನು. ಭಾನುವಾರ ಕೆಂಪು ಚೆರ್ರಿ ಇರೋ ಬನ್ನು ಬೇರೆ. ಒಂದು ಚೂರು, ಒಂದೇ ಒಂದು ಚೂರು ನಂಗೆ ಕೊಡ್ತಿರ್ಲಿಲ್ಲ. ಆ ಬನ್ನು ಇವತ್ತಿಗೂ ನನ್ನ ಕಣ್ಣಾಗೈತೆ ಮೇಡಂ!"

ಅವಳಿಗೆ ಕೋಪ ಬಂದಿತ್ತು. ಹತ್ತಿರ ಹತ್ತಿರ ಮೂವತ್ತು ವರ್ಷ ಹಳೆಯ ಕೋಪ, ಹಾಗೇ ಬಿಸಿಯಾಗಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಬನ್ನು ಗೋಧಿಯದೇ ಅಲ್ವಾ ಅಮ್ಮ?"

"ಬನ್ನು ಊಟ ಅಲ್ವಲ್ಲ ಮೇಡಂ," ಎಂದಳು ಅಮ್ಮ. "ಅದು ಮೈದಾದ್ದು."

"ಮೈದಾ ಯಾವುದರದ್ದು? ರವೆ ಯಾವುದರದ್ದು?"

"ರವೆ ರವೇದೇ," ಅನ್ನುತ್ತಾ ಅಮ್ಮ ನನ್ನ ಮುಖ ನೋಡಿದಳು. ನಾನು ಮಕ್ಕಳಿಗೆ ಪಾಠ ಹೇಳುವವಳು. ನನಗೂ ಆ ಕ್ಷಣದವರೆಗೆ ರವೆ ರವೆಯದೇ ಆಗಿತ್ತು.

ರಕ್ತ ಪರೀಕ್ಷೆಯಾಯಿತು, ಗಂಟಲಲ್ಲಿ ಪೈಪು ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಸೀಲಿಯಾಕ್ ಅನ್ನುವ ಕಾಯಿಲೆ. ಗೋಧಿ ಬಿದ್ದರೆ ಕರುಳು ಒಳಗೊಳಗೇ ಸವೆದು, ತಿಂದಿದ್ದು ಮೈಗೆ ಹತ್ತುವುದಿಲ್ಲ. ಗೋಧಿ ತಿನ್ನುವ ಸೀಮೆಯಲ್ಲಾದರೆ ಡಾಕ್ಟರುಗಳು ಇದನ್ನು ಬೇಗ ಹುಡುಕುತ್ತಾರಂತೆ, ರಾಗಿ ಸೀಮೆಯಲ್ಲಿ ಯಾರಿಗೂ ಹೊಳೆಯುವುದಿಲ್ಲವಂತೆ. ಔಷಧಿ ಏನು ಎಂದು ಅಮ್ಮ ಕೇಳಿದಳು. ರಕ್ತಕ್ಕೆ ಮಾತ್ರೆ ಕೊಡುತ್ತೇನೆ, ಆದರೆ ನಿಜವಾದ ಔಷಧಿ ಗೋಧಿ ಬಿಡುವುದು, ಮುದ್ದೆ ತಿನ್ನಲಿ, ಅನ್ನ ತಿನ್ನಲಿ, ಜೋಳ ತಿನ್ನಲಿ ಎಂದರು. ಹೊರಗೆ ಬಂದ ಮೇಲೆ ಅಮ್ಮ ಗೊಣಗಿದಳು: "ಅಷ್ಟು ಓದ್ಕಂಡು ಮುದ್ದೆ ತಿನ್ನು ಅಂತಾಳಲ್ಲ, ಇದನ್ನ ಹೇಳಾಕೆ ಡಾಕ್ಟ್ರು ಬೇಕಾ?"

ನಾನು ಏನು ಯೋಚಿಸುತ್ತಿದ್ದೆ ಗೊತ್ತೇ? ಕೊನೆಗೂ ನನ್ನ ಕಾಯಿಲೆ ಸಿಕ್ಕಿದ್ದು ಅಕ್ಕನ ಹೊಟ್ಟೆಕಿಚ್ಚಿನಿಂದ. ನನ್ನ ಹೊಟ್ಟೆಕಿಚ್ಚು ಯಾರಿಗೂ ನಯಾಪೈಸೆ ಉಪಯೋಗಕ್ಕೆ ಬಂದಿರಲಿಲ್ಲ. ಅದರಲ್ಲೂ ಅವಳೇ ಗೆದ್ದಳು.

ಕಲ್ಯಾಣದುರ್ಗಕ್ಕೆ ಬಂದು ಅಪ್ಪನಿಗೆ ಹೇಳಿದೆವು. ಅಪ್ಪ ಎಲ್ಲ ಕೇಳಿಸಿಕೊಂಡು ಎದ್ದು ಹೊರಗೆ ಹೋದ. ಎಷ್ಟೋ ಹೊತ್ತು ಬೀದಿಯಲ್ಲಿ ನಿಂತಿದ್ದ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ನಮ್ಮ ರಾಗಿ ಬೀಸಿದರೆ ಅದೂ ಬೆರೆಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಮನೆಗೇ ಒಂದು ಪುಟ್ಟ ಹಿಟ್ಟಿನ ಮಿಷನ್ನು ತಂದು, ರಾಗಿ ತಾನೇ ಕೇರಿ, ತೊಳೆದು, ಒಣಗಿಸಿ, ತಾನೇ ಬೀಸುತ್ತಾನೆ. ಅಮ್ಮ ಮುಟ್ಟಿದರೆ ರೇಗುತ್ತಾನೆ. ಇಂಗಿನಲ್ಲೂ ಗೋಧಿಹಿಟ್ಟು ಬೆರೆಸುತ್ತಾರೆ ಅಂತ ಗೊತ್ತಾದ ದಿನ ಇಂಗಿನ ಡಬ್ಬಿ ತೆಗೆದುಕೊಂಡು ಹೋಗಿ ಎಲ್ಲಿಗೋ ಎಸೆದು ಬಂದ. ಬೇಕರಿಯ ಮುಂದೆ ಹೋಗಬೇಕಾಗಿ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಾನೆ.

ನನಗೆ ರಕ್ತ ಬಂತು. ಕೂದಲು ಬಂತು. ಬಸ್ಸಿನಲ್ಲಿ ಸೆಟ್ಟೂರಿನವರೆಗೂ ನಿದ್ದೆ ಮಾಡಿಕೊಂಡು ಹೋದ ದಿನ ಇಳಿಯುವ ಸ್ಟಾಪು ತಪ್ಪಿಸಿಕೊಂಡು ನಕ್ಕೆ. ಮತ್ತೆ ಹಿಂದೂಪುರಕ್ಕೆ ತೋರಿಸಲು ಹೋದಾಗ, ನಾಚಿಕೆ ಬಿಟ್ಟು ಡಾಕ್ಟರನ್ನು ಕೇಳಿಯೇ ಬಿಟ್ಟೆ: ಇನ್ನು ಎತ್ತರ ಆಗುತ್ತೇನಾ ಮೇಡಂ? ಮೂವತ್ತೈದು ವರ್ಷದ ಹೆಂಗಸು ಕೇಳುವ ಪ್ರಶ್ನೆಯಾ ಅದು! ಅವರು ನಗಲಿಲ್ಲ. ಮೂಳೆಗೆ ಬಲ ಬರುತ್ತದೆ, ಎತ್ತರ ಆಗುವ ವಯಸ್ಸು ಮುಗಿದಿದೆ ಅಂದರು. ಬೆಳೆಯುವ ವರ್ಷಗಳಲ್ಲಿ ಸಿಕ್ಕಿದ್ದರೆ ಆಗುತ್ತಿದ್ದಿರಿ ಎಂದೂ ಹೇಳಿದರು. ಆ ಕೊನೆಯ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಪ್ಪನಿಗಂತೂ ಹೇಳುವ ಹಾಗೇ ಇರಲಿಲ್ಲ.

ಡಾಕ್ಟರು ಇನ್ನೊಂದು ಮಾತು ಹೇಳಿದ್ದರು, ಇದು ರಕ್ತ ಸಂಬಂಧದಲ್ಲಿ ಬರಬಹುದು ಎಂದು. ಅಕ್ಕನ ಮಗಳಿಗೆ ಆಗ ಹನ್ನೆರಡು. ಕಳೆದ ದಸರಾಕ್ಕೆ ನಾನು ಹೋದಾಗ ಆ ಹುಡುಗಿ ಸೋಫಾದ ಮೇಲೆ ಮುದುರಿ ಮಲಗಿದ್ದಳು. ಬಿಳಿಚಿಕೊಂಡ ಮುಖ, ಬಾಯಿಯ ತುದಿಯಲ್ಲಿ ಹುಣ್ಣು, ಫ್ರಾಕಿನ ಒಳಗೆ ಉಬ್ಬಿದ ಹೊಟ್ಟೆ. ಕನ್ನಡಿ ನೋಡಿದ ಹಾಗಾಯಿತು. ಅಕ್ಕ ಅವಳಿಗೆ ಬಲ ಬರಲಿ ಅಂತ ತುಪ್ಪದ ಚಪಾತಿ ಸುರುಳಿ ಸುತ್ತಿ ಕೊಡುತ್ತಿದ್ದಳು.

"ಅಕ್ಕ, ಇವಳಿಗೂ ನನ್ನ ಕಾಯಿಲೆ ಇರಬೋದು. ಒಂದು ಸಲ ರಕ್ತ ತೋರಿಸ್ಬುಡು," ಅಂದೆ.

ಅಕ್ಕನ ಮುಖ ಬದಲಾಯಿತು. "ಏನಂದೆ? ಹುಟ್ಟಿದಾಗ್ಲಿಂದ ನನ್ನ ಮ್ಯಾಲೆ ಉರ್ಕಂಡು ಸಾಯ್ತೀಯ, ಈಗ ನನ್ನ ಮಗ್ಳ ಮ್ಯಾಲೂ ಬಿತ್ತಾ ನಿನ್ನ ಕಣ್ಣು? ನಿನ್ನಂಗೇ ಆಗ್ಲಿ ಅಂತಾನಾ?"

"ನನ್ನಂಗೆ ಆಗಬಾರ್ದು ಅಂತ ಕಣೇ!"

"ಬಾಯಿ ಮುಚ್ಚು. ನಿನ್ನ ಕಣ್ಣು ಎಂಥಾದ್ದು ಅಂತ ನಂಗೆ ಗೊತ್ತು."

ಉಪ್ಪು, ಮೆಣಸಿನಕಾಯಿ ತೆಗೆದು ನನ್ನೆದುರೇ ಮಗಳಿಗೆ ದಿಷ್ಟಿ ಸುಳಿದು ಒಲೆಗೆ ಹಾಕಿದಳು. ಮೆಣಸಿನಕಾಯಿ ಮಂಡಿಯವರ ಮನೆ, ಘಾಟಿಗೆ ಏನು ಕಮ್ಮಿ! ಕೆಮ್ಮುತ್ತಾ, ಅಳುತ್ತಾ ಅವತ್ತೇ ಸಂಜೆ ಬಸ್ಸು ಹತ್ತಿದೆ. ಅವಳ ಕೋಪಕ್ಕಿಂತ ಹೆಚ್ಚಾಗಿ ನನಗೆ ಚುಚ್ಚಿದ್ದು, ಅವಳು ಹೇಳಿದ್ದರಲ್ಲಿ ಅರ್ಧ ನಿಜವಿತ್ತು ಅನ್ನುವುದು. ನನ್ನ ಕಣ್ಣು ಅಂಥದ್ದೇ. ಆದರೆ ಅದಕ್ಕೆ ಕಂಡಿದ್ದು ಸುಳ್ಳಾಗಿರಲಿಲ್ಲ.

ಬೈದು ಕಳಿಸಿದವಳೇ ಮಗಳನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಾಳೆ, ನನಗೆ ಹೇಳದೆ. ದೀಪಾವಳಿ ಕಳೆದ ಮೇಲೆ ಫೋನು ಬಂತು.

"ಇದೈತಂತೆ ಕಣೇ," ಎಂದಳು. "ನಿಂದೇ ಕಾಯಿಲೆ. ಈಗ್ಲೇ ಸಿಕ್ಕಿದ್ದು ಪುಣ್ಯ ಅಂದ್ರು ಡಾಕ್ಟ್ರು. ಗೋಧಿ ಬಿಟ್ರೆ ಎಲ್ಲಾ ಸರಿಹೋಗ್ತೈತಂತೆ, ಎತ್ತರಾನೂ ಆಗ್ತಾಳಂತೆ."

ಅಯ್ಯೋ ಮಗುವೇ ಅಂತ ನನ್ನ ಕರುಳು ಚುರುಕ್ ಅನ್ನಬೇಕಾಗಿತ್ತು. ಅಂದಿತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಒಳಗೆ ಭಗ್ ಅಂತ ಹತ್ತಿಕೊಂಡಿದ್ದು ಬೇರೆ. ಹನ್ನೆರಡಕ್ಕೇ! ಒಂದೇ ಡಾಕ್ಟರು, ಒಂದೇ ಪರೀಕ್ಷೆ! ಜಂತುಹುಳದ ಔಷಧಿಯಿಲ್ಲ, ಟಿ.ಬಿ. ಮಾತ್ರೆಯಿಲ್ಲ, ಯಾವ ಗಂಡಿನ ಮನೆಯವರೂ ಮೂಗು ಮುರಿಯಲಿಲ್ಲ. ನಾನು ಪೂರ್ತಿ ಬೆಲೆ ತೆತ್ತು ತಂದಿದ್ದನ್ನು ಆ ಹುಡುಗಿ ಪುಕ್ಕಟೆ ತೆಗೆದುಕೊಂಡಳು. ಫೋನು ಇಟ್ಟು ಹಿತ್ತಲಿಗೆ ಹೋಗಿ ಚೆನ್ನಾಗಿ ಅತ್ತೆ. ಆಮೇಲೆ ಬಂದು ಅಕ್ಕನಿಗೆ ಮತ್ತೆ ಫೋನು ಮಾಡಿ, ಏನೇನು ಕೊಡಬಹುದು, ಏನೇನು ಕೊಡಬಾರದು, ಇಂಗು ಯಾಕೆ ಬಿಡಬೇಕು ಎಲ್ಲ ಹೇಳಿದೆ.

ಈ ಬೇಸಿಗೆ ರಜೆಗೆ ಹುಡುಗಿ ಕಲ್ಯಾಣದುರ್ಗಕ್ಕೆ ಬಂದಳು. ಬಸ್ಸಿಂದ ಇಳಿದಾಗ ಗುರುತೇ ಸಿಗಲಿಲ್ಲ. ಆರೇ ತಿಂಗಳಿಗೆ ಕೆನ್ನೆ ತುಂಬಿ, ಕಾಲು ಉದ್ದವಾಗಿ, ಲಂಗ ಗಿಡ್ಡವಾಗಿತ್ತು. ಅಪ್ಪ ಬೀಸಿದ ಹಿಟ್ಟಿನ ಮುದ್ದೆಯನ್ನು ಎರಡೆರಡು ಹಾಕಿಸಿಕೊಂಡು ತಿಂದಳು. ಒಂದು ಮಧ್ಯಾಹ್ನ ಅಪ್ಪ ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದ. ಹುಡುಗಿ ಬಂದವಳೇ ನನ್ನ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ತನ್ನ ತಲೆಯ ಮೇಲೆ ಕೈಯಿಟ್ಟು ನನ್ನ ತಲೆಯ ಮೇಲಕ್ಕೆ ಸರಿಸಿದಳು. ಕೈ ನನ್ನ ತಲೆಗೆ ತಾಗಲೇ ಇಲ್ಲ.

"ಚಿಕ್ಕಮ್ಮಾ, ದಾಟ್ಬುಟ್ಟೆ ನಿನ್ನ!" ಎಂದು ಕುಣಿದಳು. ಮೈಯೆಲ್ಲ ಉರಿದುಹೋಯಿತು ನನಗೆ. ನಗುತ್ತಾ ನಿಂತೆ. ಅವಳು ಕುಣಿಯುವುದು ಬಿಟ್ಟು ನನ್ನ ಮುಖ ನೋಡಿ ಕೇಳಿದಳು: "ನಿಂಗೂ ನನ್ನಷ್ಟಿದ್ದಾಗ್ಲೇ ಗೊತ್ತಾಗಿದ್ದಿದ್ರೆ, ನೀನೂ ಎತ್ತರ ಆಗ್ತಿದ್ಯಾ ಚಿಕ್ಕಮ್ಮ?"

ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ನಾನು ಅಪ್ಪನ ಕಡೆ ತಿರುಗಲಿಲ್ಲ.

"ಇಲ್ಲ ಕಣಮ್ಮ," ಅಂದೆ. "ನಾನು ನಮ್ಮಜ್ಜಿ ಹಂಗೆ. ಹುಟ್ಟಿದ್ದೇ ಕುಳ್ಳಿ."

"ಸುಳ್ಳು," ಎಂದ ಅಪ್ಪ.

ನಾವಿಬ್ಬರೂ ತಿರುಗಿ ನೋಡಿದೆವು. ಅಪ್ಪ ತಲೆ ಎತ್ತಿರಲಿಲ್ಲ, ಬೊಗಸೆಯಲ್ಲಿದ್ದ ಕಾಯಿಗಳನ್ನೇ ನೋಡುತ್ತಿದ್ದ.

"ಆಗ್ತಿದ್ಲು ಕಣಮ್ಮ," ಎಂದ ಮೊಮ್ಮಗಳಿಗೆ. "ನಿಮ್ಮಮ್ಮನಿಗಿಂತ ಎತ್ತರ ಆಗ್ತಿದ್ಲು ನನ್ನ ಮಗ್ಳು."